ಸಕ್ಕರೆ ಕಾಯಿಲೆ ಮತ್ತು ರೈತನ ಪಾದ

ತೆಂಗಿನ ತೋಟವಿರುವ ರೈತ ಬಾಂಧವರಿಗೆ ಕೆಂಪು ಮೂತಿ ಹುಳುವಿನ ಉಪದ್ರವ ಎಂಥದೆಂದು ಹೇಳಬೇಕಾಗಿಲ್ಲ. ಹೊರಗಿನಿಂದ ನೋಡಿದರೆ ಮರ ಹಸಿರಾಗಿಯೇ ಇರುತ್ತದೆ. ಕಾಂಡದೊಳಗೆ ಮರಿಹುಳುಗಳು ತಿರುಳನ್ನು ತಿನ್ನುತ್ತಿರುತ್ತವೆ. ಸುಳಿ ಬಾಗಿ ಬಿದ್ದ ದಿನ ನಾವು ಗಾಬರಿಯಾಗುತ್ತೇವೆ. ಆ ವೇಳೆಗೆ ಮರ ಕೈಬಿಟ್ಟಿರುತ್ತದೆ. ಕಾಂಡದ ರಂಧ್ರವನ್ನೂ ಅದರಿಂದ ಸೋರುವ ಕಂದು ರಸವನ್ನೂ ಮೊದಲೇ ಗಮನಿಸಿದವನು ಮಾತ್ರ ಮರವನ್ನು ಉಳಿಸಿಕೊಳ್ಳುತ್ತಾನೆ.

ಸಕ್ಕರೆ ಕಾಯಿಲೆಯ ನಡೆಯೂ ಹೀಗೆಯೇ. ಸಿಹಿಮೂತ್ರ ರೋಗ, ಮಧುಮೇಹ ಎಂಬ ಹೆಸರುಗಳೂ ಇದಕ್ಕುಂಟು. ವರ್ಷಗಟ್ಟಲೆ ಯಾವ ತೊಂದರೆಯನ್ನೂ ತೋರದೆ ಒಳಗೊಳಗೇ ಕಣ್ಣು, ಮೂತ್ರಪಿಂಡ, ಹೃದಯ, ನರಗಳನ್ನು ಕೆಡಿಸುತ್ತದೆ. ಬೇಸಾಯಗಾರನಿಗೆ ಇದು ವಿಶೇಷವಾಗಿ ಪೆಟ್ಟು ಕೊಡುವುದು ಪಾದದಲ್ಲಿ. ಆದ್ದರಿಂದ ಈ ಲೇಖನದಲ್ಲಿ ಉಳಿದ ವಿಷಯಗಳನ್ನು ಅಗತ್ಯವಿದ್ದಷ್ಟು ಹೇಳಿ, ಪಾದದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ತಿಳಿಸಲಾಗಿದೆ.

ಪಟ್ಟಣದವರ ಕಾಯಿಲೆಯೇ?

"ಮೈ ಮುರಿದು ದುಡಿಯುವ ನಮಗೆಲ್ಲಿಯ ಸಕ್ಕರೆ ಕಾಯಿಲೆ? ಅದು ಕುರ್ಚಿಯ ಮೇಲೆ ಕೂತವರಿಗೆ" ಎಂಬ ಮಾತನ್ನು ಹಳ್ಳಿಗಳಲ್ಲಿ ಈಗಲೂ ಕೇಳುತ್ತೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ಬೇರೆಯದನ್ನೇ ಹೇಳುತ್ತದೆ. ಅದರಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ. ವಯಸ್ಕರಲ್ಲಿ ಪಟ್ಟಣಗಳಲ್ಲಿ ಶೇಕಡಾ 16.4, ಗ್ರಾಮಾಂತರದಲ್ಲಿ ಶೇಕಡಾ 8.9. ಎಂದರೆ ಸಾವಿರ ಮಂದಿ ವಯಸ್ಕರಿರುವ ಹಳ್ಳಿಯಲ್ಲಿ ಸುಮಾರು ತೊಂಬತ್ತು ಜನ. ನಿಮ್ಮ ಊರಿನಲ್ಲಿ ಇಷ್ಟು ಮಂದಿಯ ಹೆಸರು ನಿಮಗೆ ಗೊತ್ತಿಲ್ಲವಾದರೆ, ಕಾಯಿಲೆ ಇದ್ದೂ ಅದು ತಿಳಿಯದೆ ಓಡಾಡುತ್ತಿರುವವರು ಕೆಲವರಾದರೂ ಅಲ್ಲಿ ಇರಬಹುದು.

ಕಾರಣಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಎತ್ತಿನ ಹಿಂದೆ ನಡೆದು ಉಳುತ್ತಿದ್ದಲ್ಲಿ ಟ್ರ್ಯಾಕ್ಟರ್ ಬಂದಿದೆ. ಹೊಲಕ್ಕೆ ಹೋಗಿ ಬರುವುದೂ ಮೋಟಾರು ಬೈಕಿನಲ್ಲಿಯೇ. ಮುದ್ದೆ, ರೊಟ್ಟಿಗಳ ಜಾಗದಲ್ಲಿ ನುಣ್ಣಗೆ ಪಾಲಿಷ್ ಮಾಡಿದ ಅಕ್ಕಿಯ ಅನ್ನ ಮೂರು ಹೊತ್ತೂ ಬಂದಿದೆ. ಇದರ ಜೊತೆಗೆ ವಂಶದ ಬಳುವಳಿ. ನಮ್ಮ ದೇಶದವರಲ್ಲಿ ಮೈ ತೆಳ್ಳಗಿದ್ದು ಹೊಟ್ಟೆ ಮಾತ್ರ ಬಂದಿರುವವರಿಗೂ ಈ ಕಾಯಿಲೆ ಬರುತ್ತದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರಗೊಳ್ಳಬೇಕು.

ಒಳಗೆ ನಡೆಯುವುದೇನು?

ತಿಂದ ಮುದ್ದೆಯಾಗಲಿ ಅನ್ನವಾಗಲಿ ಕರುಳಿನಲ್ಲಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದು ಮಾಂಸಖಂಡಗಳ ಜೀವಕೋಶಗಳೊಳಗೆ ಹೋಗಬೇಕಾದರೆ ಇನ್ಸುಲಿನ್ ಎಂಬ ರಸ ಬೇಕು. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ ಇದನ್ನು ಉತ್ಪಾದಿಸುತ್ತದೆ. ಕಾಲುವೆ ತುಂಬಿ ಹರಿಯುತ್ತಿದ್ದರೂ ತೂಬು ತೆರೆಯದಿದ್ದರೆ ಗದ್ದೆ ಒಣಗುತ್ತದಲ್ಲವೇ? ಇನ್ಸುಲಿನ್ ಆ ತೂಬನ್ನು ತೆರೆಯುವ ಕೈ. ಕೆಲವರಲ್ಲಿ, ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಯುವಕರಲ್ಲಿ, ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುತ್ತದೆ. ಇಂಥವರು ಇನ್ಸುಲಿನ್ ಚುಚ್ಚುಮದ್ದಿಲ್ಲದೆ ಬದುಕಲಾರರು. ಬಹುಪಾಲು ವಯಸ್ಕರಲ್ಲಿ ಇನ್ಸುಲಿನ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಕ್ರಮೇಣ ಉತ್ಪತ್ತಿಯೂ ಕುಗ್ಗುತ್ತದೆ. ಇದು ಎರಡನೆಯ ಬಗೆ.

ಪತ್ತೆ ಹಚ್ಚುವ ಬಗೆ

ಪದೇ ಪದೇ ಮೂತ್ರಕ್ಕೆ ಹೋಗುವುದು, ತಣಿಯದ ಬಾಯಾರಿಕೆ, ಉಂಡರೂ ಹಸಿವು, ಕಾರಣವಿಲ್ಲದೆ ಮೈ ಇಳಿಯುವುದು, ಗುಪ್ತಾಂಗಗಳಲ್ಲಿ ತುರಿಕೆ, ಗಾಯ ಮಾಯಲು ತಡವಾಗುವುದು, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಆದರೆ ಇವುಗಳಲ್ಲಿ ಒಂದೂ ಇಲ್ಲದಿರಬಹುದು. ಲಕ್ಷಣ ಬರಲಿ ಎಂದು ಕಾಯುವುದು ಸುಳಿ ಬೀಳಲಿ ಎಂದು ಕಾಯುವುದಕ್ಕೆ ಸಮ.

ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತಿದರೆ ಕಾಯಿಲೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ನಂಬಿದವರಿದ್ದಾರೆ. ಇದರಲ್ಲಿ ಅರ್ಧ ಸತ್ಯ ಮಾತ್ರ ಇದೆ. ಸಾಮಾನ್ಯವಾಗಿ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆಯೇ ಅದು ಮೂತ್ರಕ್ಕೆ ಇಳಿಯುತ್ತದೆ. ಕೆರೆ ಕೋಡಿ ಬಿದ್ದ ಮೇಲೆಯೇ ಕೆಳಗಿನ ಹಳ್ಳದಲ್ಲಿ ನೀರು ಕಾಣುವಂತೆ. ಆದ್ದರಿಂದ ಮೂತ್ರದಲ್ಲಿ ಸಕ್ಕರೆ ಇಲ್ಲವೆಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ತಿಳಿಯಬಾರದು. ರಕ್ತ ಪರೀಕ್ಷೆಯೇ ಆಗಬೇಕು.

ರಾತ್ರಿ ಊಟವಾದ ಮೇಲೆ ಎಂಟು ಗಂಟೆಯಾದರೂ ಏನೂ ತಿನ್ನದೆ, ಕಾಫಿ ಟೀ ಸಹ ಕುಡಿಯದೆ ಕೊಟ್ಟ ರಕ್ತದಲ್ಲಿ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಕಾಯಿಲೆ ಇದೆ ಎಂದರ್ಥ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದಾಗ 200 ಅಥವಾ ಹೆಚ್ಚಿದ್ದರೂ ಹಾಗೆಯೇ. ಎಚ್‌ಬಿಎ1ಸಿ ಎಂಬ ಇನ್ನೊಂದು ಪರೀಕ್ಷೆಯುಂಟು. ಇದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಇದು ಶೇಕಡಾ 6.5 ಅಥವಾ ಹೆಚ್ಚಿದ್ದರೆ ಕಾಯಿಲೆ. ರಕ್ತಹೀನತೆ ಇರುವವರಲ್ಲಿ ಈ ಪರೀಕ್ಷೆ ದಾರಿ ತಪ್ಪಿಸಬಹುದಾದ್ದರಿಂದ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಲಕ್ಷಣಗಳಿಲ್ಲದಿದ್ದಾಗ ಒಂದೇ ಫಲಿತಾಂಶವನ್ನು ನಂಬದೆ ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ಕ್ರಮ. ಬರಿಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಇದ್ದರೆ ನೀವು ಅಂಚಿನಲ್ಲಿದ್ದೀರಿ; ಊಟ, ನಡಿಗೆ, ತೂಕ ಇವುಗಳಿಂದಲೇ ಹಿಂದೆ ಸರಿಯಲು ಅವಕಾಶವಿರುವ ಹಂತ ಇದು.

ಮೂವತ್ತು ವರ್ಷ ದಾಟಿದ ಎಲ್ಲರನ್ನೂ ಪರೀಕ್ಷಿಸುವ ರಾಷ್ಟ್ರೀಯ ಕಾರ್ಯಕ್ರಮವಿದೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿರಿ. ಮಣ್ಣು ಪರೀಕ್ಷೆಗೆ ಮಾದರಿ ತೆಗೆದುಕೊಂಡು ಹೋಗುವ ರೈತ ತನ್ನ ರಕ್ತದ ಮಾದರಿ ಕೊಡಲು ಹಿಂಜರಿಯುವುದನ್ನು ಕಂಡಾಗ ಆಶ್ಚರ್ಯವಾಗುತ್ತದೆ.

ನೋಯದ ಗಾಯ

ಕೆಲವು ವರ್ಷಗಳ ಹಿಂದೆ, ನಾನು ಹಳ್ಳಿಯೊಂದರ ದವಾಖಾನೆಯಲ್ಲಿದ್ದಾಗ, ಐವತ್ತು ದಾಟಿದ ರೈತರೊಬ್ಬರನ್ನು ಅವರ ಮನೆಯವರು ಕರೆತಂದರು. ಬಲಗಾಲು ಬಾತಿತ್ತು. "ನೋವೇನೂ ಇಲ್ಲ ಡಾಕ್ಟ್ರೇ, ಬರೀ ಬಾವು. ಇವಳೇ ಸುಮ್ಮನೆ ಗಾಬರಿ ಮಾಡ್ಕೊಂಡು ಕರ್ಕೊಂಡ್ ಬಂದ್ಲು" ಎಂದರು ಯಜಮಾನರು. ಚಪ್ಪಲಿ ಬಿಡಿಸಿ ನೋಡಿದಾಗ ಅದರ ಅಟ್ಟೆಯನ್ನು ದಾಟಿ ಒಂದು ಮೊಳೆ ಮೇಲೆ ಬಂದಿತ್ತು. ಹೆಬ್ಬೆರಳಿನ ಬುಡದಲ್ಲಿ ಅದೇ ಜಾಗಕ್ಕೆ ಕಿರುಬೆರಳು ತೂರುವಷ್ಟು ಹುಣ್ಣು. ಆ ಮೊಳೆಯ ಮೇಲೆ ಅವರು ಎಷ್ಟು ದಿನ ನಡೆದಿದ್ದರೋ ಅವರಿಗೂ ಗೊತ್ತಿರಲಿಲ್ಲ. ಸಕ್ಕರೆ ನೋಡಿದರೆ ನಾನೂರರ ಹತ್ತಿರ. ತಮಗೆ ಈ ಕಾಯಿಲೆ ಇದೆಯೆಂದು ಅವರು ಕೇಳಿದ್ದು ಅಂದೇ ಮೊದಲು. ಜಿಲ್ಲಾ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆಯಬೇಕಾಯಿತು. ಮನೆಯಾಕೆ ಹಟ ಹಿಡಿಯದೆ ಇನ್ನೊಂದು ವಾರ ಕಳೆದಿದ್ದರೆ ಬೆರಳಿಗೆ ನಿಲ್ಲುತ್ತಿರಲಿಲ್ಲ.

ಹೀಗೇಕಾಗುತ್ತದೆ? ರಕ್ತದಲ್ಲಿ ಬಹುಕಾಲ ಸಕ್ಕರೆ ಹೆಚ್ಚಿದ್ದಾಗ ನರಗಳು ಕೆಡುತ್ತವೆ. ಉದ್ದವಾದ ನರಗಳು ಮೊದಲು ಕೆಡುವುದರಿಂದ ಪಾದಗಳೇ ಮೊದಲ ಸರದಿ. ಆರಂಭದಲ್ಲಿ ಅಂಗಾಲು ಉರಿ, ಜುಮುಜುಮು, ಇರುವೆ ಹರಿದಂತಾಗುವುದು ಇರಬಹುದು. ಆಮೇಲೆ ಹತ್ತಿಯ ಮೇಲೆ ನಡೆದಂತೆ ಅನಿಸುತ್ತದೆ. ನಡೆಯುತ್ತಿರುವಾಗಲೇ ಚಪ್ಪಲಿ ಕಳಚಿಹೋದರೂ ತಿಳಿಯುವುದಿಲ್ಲ. ಕೊನೆಗೆ ಉರಿಯೂ ನಿಲ್ಲುತ್ತದೆ. ಕಾಲು ಗುಣವಾಯಿತೆಂದು ರೋಗಿ ಸಂತೋಷಪಡುವುದು ಆಗಲೇ! ನಿಜವಾಗಿ ಸುದ್ದಿ ತರುವ ತಂತಿಯೇ ಕಡಿದುಹೋಗಿರುತ್ತದೆ. ಇದರೊಂದಿಗೆ ಕಾಲಿನ ರಕ್ತನಾಳಗಳೂ ಕಿರಿದಾದರೆ ಗಾಯ ಮಾಯಲು ಬೇಕಾದ ರಕ್ತ ಬರುವುದಿಲ್ಲ. ಸಿಹಿಯಾದ ರಕ್ತದಲ್ಲಿ ಸೋಂಕು ಬೇಗ ಹರಡುತ್ತದೆ. ಮೂರೂ ಕೂಡಿದಾಗ ಮುಳ್ಳು ಚುಚ್ಚಿದ ಸಣ್ಣ ಗಾಯ ಕಾಲನ್ನೇ ಕಳೆಯುವವರೆಗೆ ಹೋಗುತ್ತದೆ.

ನೋವಿಲ್ಲದ ಪಾದದ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ್ದು ನಮ್ಮ ನೆರೆಯ ವೆಲ್ಲೂರು ಎಂಬುದನ್ನು ಇಲ್ಲಿ ನೆನೆಯಬೇಕು. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ಅಲ್ಲಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳನ್ನು ಅಭ್ಯಾಸ ಮಾಡಿದರು. ಕುಷ್ಠದಿಂದ ಬೆರಳು ತಾನಾಗಿ ಉದುರುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಸ್ಪರ್ಶಜ್ಞಾನ ಹೋಗಿರುವುದರಿಂದ ಸುಟ್ಟರೂ ಕೊಯ್ದರೂ ತಿಳಿಯದೆ, ಅದೇ ಗಾಯದ ಮೇಲೆ ಮತ್ತೆ ಮತ್ತೆ ನಡೆದು ಬೆರಳು ಹೋಗುತ್ತದೆಂದು ಅವರು ತೋರಿಸಿದರು. ಕೆಲವರಿಗೆ ರಾತ್ರಿ ಮಲಗಿದ್ದಾಗ ಇಲಿ ಕಡಿದೂ ಎಚ್ಚರವಾಗುತ್ತಿರಲಿಲ್ಲ. ಅದಕ್ಕಾಗಿ ರೋಗಿಗಳಿಗೆ ಬೆಕ್ಕು ಸಾಕಲು ಕೊಟ್ಟರಂತೆ. ಮುಂದೆ ಅಮೆರಿಕಕ್ಕೆ ಹೋದ ಅವರು ಇದೇ ಪಾಠವನ್ನು ಸಕ್ಕರೆ ಕಾಯಿಲೆಯ ಪಾದಕ್ಕೂ ಅನ್ವಯಿಸಿದರು. ದವಸದ ಮೂಟೆಗಳ ಪಕ್ಕದಲ್ಲಿಯೇ ಮಲಗುವ ನಮ್ಮ ರೈತರು ಇಲಿಯ ಮಾತನ್ನು ತಮಾಷೆಯೆಂದು ತಳ್ಳಿಹಾಕಬಾರದು.

ಸ್ಪರ್ಶವಿದೆಯೇ ಎಂದು ಮನೆಯಲ್ಲಿಯೇ ನೋಡುವ ಸುಲಭ ವಿಧಾನವೊಂದಿದೆ. ಕಾಯಿಲೆ ಇರುವವರು ಕಾಲು ಚಾಚಿ ಕಣ್ಣು ಮುಚ್ಚಿಕೊಳ್ಳಬೇಕು. ಮನೆಯವರು ತೋರುಬೆರಳಿನ ತುದಿಯಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಒಂದೆರಡು ಕ್ಷಣ ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಮುಟ್ಟಿದಾಗಲೆಲ್ಲ "ಬಲ", "ಎಡ" ಎಂದು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶಜ್ಞಾನ ಕುಂದಿದೆ ಎಂದು ತಿಳಿದು ವೈದ್ಯರಲ್ಲಿಗೆ ಹೋಗಬೇಕು. ಸರಿಯಾಗಿ ಹೇಳಿದರೂ ವರ್ಷಕ್ಕೊಮ್ಮೆ ವೈದ್ಯರಿಂದ ಪಾದ ಪರೀಕ್ಷೆ ಆಗಲೇಬೇಕು. ಅವರು ನೈಲಾನ್ ಎಳೆಯಿಂದ ಒತ್ತಿ ಸ್ಪರ್ಶವನ್ನೂ, ಕಾಲಿನ ನಾಡಿಯನ್ನೂ ನೋಡುತ್ತಾರೆ. ಅವರು ನೋಡದಿದ್ದರೆ ನೀವೇ ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿರಿ, ಸಂಕೋಚ ಬೇಡ.

ಹೊಲದಲ್ಲಿ, ಮನೆಯಲ್ಲಿ ಪಾದದ ಜೋಪಾನ

ದಿನವೂ ಸಂಜೆ ಕೈಕಾಲು ತೊಳೆದ ಮೇಲೆ ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ಕಣ್ಣು ಮಂಜಾಗಿದ್ದರೆ ಮಕ್ಕಳು ನೋಡಲಿ. ತೊಳೆದ ನಂತರ ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಬೇಕು. ನಾಟಿಯ ಕಾಲದಲ್ಲಿ ಸಂದುಗಳು ಬೆಳ್ಳಗೆ ನೆನೆದು ಬಿರಿಯುವುದರಿಂದ ಇದು ಮುಖ್ಯ. ಹಿಮ್ಮಡಿ ಒಡೆಯದಂತೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಸಂದುಗಳಿಗೆ ಬೇಡ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಿರಿ. ಚಳಿಯಲ್ಲಿ ಒಲೆಯ ಮುಂದೆ ಕಾಲು ಕಾಯಿಸುವ ಅಭ್ಯಾಸವನ್ನು ಪೂರ್ತಿ ಬಿಡಬೇಕು.

ಬರಿಗಾಲಿನಲ್ಲಿ ಹೊಲಕ್ಕೆ ಇಳಿಯಬಾರದೆಂದು ಹೇಳುವುದು ಸುಲಭ, ನಡೆಸುವುದು ಕಷ್ಟ ಎಂಬುದನ್ನು ಒಪ್ಪುತ್ತೇನೆ. ಒಣಭೂಮಿಯಲ್ಲಿ ಜೋಳದ ಕೂಳೆ, ಜಾಲಿ ಮುಳ್ಳು, ಬೇಸಿಗೆಯ ಕಾದ ನೆಲ ಇವು ಮೂರೂ ಶತ್ರುಗಳು. ಅಲ್ಲಿ ಹಿಂಬದಿಗೆ ಪಟ್ಟಿ ಇರುವ, ಬೆರಳು ಮುಚ್ಚುವ ಪಾದರಕ್ಷೆಯನ್ನು ಹಾಕಲು ಅಡ್ಡಿಯೇನಿಲ್ಲ. ಹವಾಯಿ ಚಪ್ಪಲಿಯ ಅಟ್ಟೆಯನ್ನು ಮುಳ್ಳು ಸಲೀಸಾಗಿ ದಾಟುತ್ತದೆ. ಕೆಸರುಗದ್ದೆಯಲ್ಲಿ ಬೂಟು ಹೂತುಹೋಗುವುದು ನಿಜ. ಪಾದದ ಸ್ಪರ್ಶ ಹೋಗಿರುವವರು ಕೆಸರು ತುಳಿಯುವ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಬಿಟ್ಟು ಬದುವಿನ ಮೇಲಿನ ಕೆಲಸವನ್ನು ತಾವು ಇಟ್ಟುಕೊಳ್ಳುವುದೇ ಲೇಸು. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಮೃದುವಾದ ಮೈಕ್ರೋಸೆಲ್ಯುಲಾರ್ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಓಡಾಟಕ್ಕೆ ಉತ್ತಮ. ಹೊಸ ಪಾದರಕ್ಷೆಯನ್ನು ಮೊದಲ ದಿನವೇ ಇಡೀ ದಿನ ಮೆಟ್ಟದೆ, ಒಂದೆರಡು ಗಂಟೆಯಿಂದ ಆರಂಭಿಸಿ, ಬಿಚ್ಚಿದಾಗ ಕೆಂಪಗಾಗಿದೆಯೇ ನೋಡಬೇಕು. ಬರಿಗಾಲಿನಲ್ಲಿ ಯಾತ್ರೆ ಹೋಗುವ, ಕೊಂಡ ಹಾಯುವ ಹರಕೆ ಇದ್ದರೆ ಅದನ್ನು ಬೇರೆ ಸೇವೆಯಾಗಿ ಬದಲಾಯಿಸಿಕೊಳ್ಳಲು ಹಿರಿಯರಲ್ಲಿ ಕೇಳಿರಿ.

ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದು, ಆಣಿ ಸುಡುವ ಔಷಧ ಹಾಕಬಾರದು. ಗಾಯಕ್ಕೆ ಸುಣ್ಣ, ಬೀಡಿ ಬೂದಿ, ಸೀಮೆಎಣ್ಣೆ, ಕಾಫಿ ಪುಡಿ ಯಾವುದೂ ಬೇಡ. ಶುದ್ಧ ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆ ಸುತ್ತಿ, ಆ ಕಾಲಿನ ಮೇಲೆ ಭಾರ ಹಾಕದೆ ಅಂದೇ ಆಸ್ಪತ್ರೆಗೆ ಹೋಗಿರಿ. ಧನುರ್ವಾಯುವಿನ ಚುಚ್ಚುಮದ್ದಿನ ವಿಷಯ ಕೇಳಿರಿ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಕೆಂಪಗಾಗಿ ಬಿಸಿಯಾಗಿ ಬಾತರೂ ತಡಮಾಡಬಾರದು. ಒಳಗೆ ಮೂಳೆಗಳು ಕುಸಿಯುತ್ತಿರಬಹುದು.

ಬೀಡಿ ಸೇದುವವರು ಬಿಡಬೇಕು. ಕಾಲಿನ ರಕ್ತನಾಳವನ್ನು ಮುಚ್ಚುವುದರಲ್ಲಿ ಅದು ಸಕ್ಕರೆಗೆ ಜೊತೆಗಾರ.

ರಾಗಿ, ಬೆಲ್ಲ ಮತ್ತು ಊಟದ ಅಳತೆ

ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬುದು ನಮ್ಮ ಕಡೆ ಬೇರೂರಿದ ನಂಬಿಕೆ. ರಾಗಿ ಒಳ್ಳೆಯ ಧಾನ್ಯವೇ. ನಾರು, ಸುಣ್ಣದಂಶ ಅಕ್ಕಿಗಿಂತ ಬಹಳ ಹೆಚ್ಚು. ಆದರೆ 100 ಗ್ರಾಂ ರಾಗಿಯಲ್ಲೂ ಸುಮಾರು 70 ಗ್ರಾಂ ಪಿಷ್ಟಾದಿಗಳಿವೆ. ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಅಂಬಲಿ ಇನ್ನೂ ಬೇಗ ಏರಿಸಬಹುದು. ಧಾನ್ಯ ಯಾವುದೆಂಬುದರಷ್ಟೇ ಎಷ್ಟು ಎಂಬುದೂ ಮುಖ್ಯ. ಎರಡು ಮುದ್ದೆ ಉಣ್ಣುವವರು ಒಂದಕ್ಕೆ ಇಳಿಸಿ, ಆ ಜಾಗವನ್ನು ಸೊಪ್ಪು, ಹುರುಳಿ, ಅವರೆ, ಅಲಸಂದೆ, ಮಜ್ಜಿಗೆಗಳಿಂದ ತುಂಬಬೇಕು. ಬೆಲ್ಲ ಸಕ್ಕರೆಯಷ್ಟು ಕೆಟ್ಟದ್ದಲ್ಲವೆಂದು ಕಬ್ಬು ಬೆಳೆಯುವ ಸೀಮೆಯಲ್ಲಿ ಹೇಳುವುದುಂಟು. ರಕ್ತಕ್ಕೆ ಎರಡೂ ಒಂದೇ. ಹಾಗಲಕಾಯಿ, ಮೆಂತ್ಯ ಊಟದಲ್ಲಿ ಇರಲಿ, ಮಾತ್ರೆಯ ಬದಲಿಗೆ ಬೇಡ.

ಮಾತ್ರೆ ಮತ್ತು ಇನ್ಸುಲಿನ್

ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ 1977ರಲ್ಲಿ ಆರಂಭವಾಗಿ 1998ರಲ್ಲಿ ಫಲಿತಾಂಶ ಪ್ರಕಟವಾದ ದೀರ್ಘ ಪ್ರಯೋಗ ಉತ್ತರ ಕೊಟ್ಟಿತು. ಬಿಗಿ ಹತೋಟಿಯಲ್ಲಿದ್ದವರಲ್ಲಿ ಕಣ್ಣು, ಮೂತ್ರಪಿಂಡ ಮುಂತಾದವುಗಳ ಸೂಕ್ಷ್ಮ ರಕ್ತನಾಳಗಳ ತೊಂದರೆ ಸುಮಾರು ಕಾಲು ಭಾಗ ಕಡಿಮೆಯಾಯಿತು. ಆದ್ದರಿಂದ "ಸಕ್ಕರೆ ಇಳಿದಿದೆ, ಇನ್ನು ಮಾತ್ರೆ ಯಾಕೆ" ಎಂದು ನೀವೇ ನಿಲ್ಲಿಸಬಾರದು. ಇಳಿದಿರುವುದು ಮಾತ್ರೆಯಿಂದಲೇ ಇರಬಹುದು.

ದುಡಿಯುವವರು ಇನ್ನೊಂದು ಅಪಾಯವನ್ನು ತಿಳಿದಿರಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿ ಕೆಲಸಕ್ಕಿಳಿದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು. ಬೆವರು, ಕೈನಡುಕ, ಎದೆಬಡಿತ, ಕಣ್ಣು ಕತ್ತಲೆ, ತಡವರಿಸುವ ಮಾತು ಇದರ ಗುರುತು. ಕುಡಿದಿದ್ದಾನೆಂದು ಜನ ತಪ್ಪು ತಿಳಿಯುವುದುಂಟು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಕಾಲು ಗಂಟೆಯಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ, ಆಮೇಲೆ ಊಟ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಹೊಲಕ್ಕೆ ಹೋಗುವಾಗ ಜೇಬಿನಲ್ಲಿ ಸಕ್ಕರೆ ಪೊಟ್ಟಣವಿರಲಿ. ಬೆಲ್ಲ ಬೇಡವೆಂದ ನಾನೇ ಹೇಳುತ್ತಿದ್ದೇನೆ, ಆ ಹೊತ್ತಿಗೆ ಬೇರೇನೂ ಸಿಗದಿದ್ದರೆ ಬೆಲ್ಲದ ಚೂರೇ ಔಷಧ. ಕಾಲಿಗೆ ಹೆಚ್ಚು ಕೆಲಸವಿರುವ ದಿನ ಇನ್ಸುಲಿನ್ನನ್ನು ತೊಡೆಗೆ ಚುಚ್ಚದೆ ಹೊಟ್ಟೆಗೆ ಚುಚ್ಚುವುದು ಮೇಲು.

ಇನ್ಸುಲಿನ್ ಸೀಸೆಯಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವುದೂ 100 ಯೂನಿಟ್ ಇರುವುದೂ ಉಂಟು. 40ಕ್ಕೆ ಕೆಂಪು ಮುಚ್ಚಳದ, 100ಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. ಅದಲುಬದಲಾಗಿ 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ 20 ಯೂನಿಟ್ ಬದಲು 50 ಹೋಗುತ್ತದೆ, ಪ್ರಾಣಕ್ಕೇ ಸಂಚಕಾರ. ಅಂಗಡಿಯಲ್ಲಿಯೇ ಎರಡನ್ನೂ ಹೋಲಿಸಿ ನೋಡಿರಿ. ಫ್ರಿಜ್ ಇಲ್ಲದ ಮನೆಯಲ್ಲಿ, ಮಣ್ಣಿನ ಮಡಕೆಯಲ್ಲಿ ಸ್ವಲ್ಪ ನೀರು ಹಾಕಿ, ಸೀಸೆಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಅದರೊಳಗಿಟ್ಟು, ಮಡಕೆಯನ್ನು ಗಾಳಿಯಾಡುವ ನೆರಳಿನಲ್ಲಿಡಬೇಕು. ಬಳಸಲು ಆರಂಭಿಸಿದ ಸೀಸೆಯನ್ನು ಸುಮಾರು ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಬಳಸಬಾರದು. ಫ್ರಿಜ್ ಇದ್ದವರು ಮಂಜುಗಟ್ಟುವ ಅರೆಯಲ್ಲಿ ಇಡಬಾರದು.

ಕಣ್ಣಿನ ಹಿಂಪರದೆಯ ಪರೀಕ್ಷೆ, ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು. ದೃಷ್ಟಿ ಚೆನ್ನಾಗಿದೆಯೆಂದು ಕಣ್ಣಿನ ಪರೀಕ್ಷೆ ಬಿಡಬಾರದು. ಒಳಗೆ ರಕ್ತನಾಳ ಸೋರುತ್ತಿದ್ದರೂ ಬಹುಕಾಲ ದೃಷ್ಟಿ ಸರಿಯಿರುತ್ತದೆ. ರಕ್ತದ ಒತ್ತಡವನ್ನು ಪ್ರತಿ ಭೇಟಿಯಲ್ಲೂ ನೋಡಿಸಿರಿ. ಈ ರೋಗಿಗಳಲ್ಲಿ ಹೃದಯಾಘಾತವೂ ಕೆಲವೊಮ್ಮೆ ಎದೆನೋವಿಲ್ಲದೆ, ಬರಿ ಬೆವರು, ಏದುಸಿರುಗಳಾಗಿ ಬರುತ್ತದೆ. ಕ್ಷಯ ತಗಲುವ ಸಂಭವ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚಾದ್ದರಿಂದ ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು.

ಮೇಲೆ ಹೇಳಿದ ರೈತರು ಈಗಲೂ ಬೇಸಾಯ ಮಾಡುತ್ತಿದ್ದಾರೆ. ನೀರು ಕಟ್ಟಲು ಹೋಗುವ ಮುಂಚೆ ಬೂಟುಗಳನ್ನು ಬೋರಲು ಹಾಕಿ ಜಗಲಿಯ ಅಂಚಿಗೆ ಎರಡು ಸಲ ಬಡಿಯುತ್ತಾರೆ, ಆಮೇಲೆ ಒಳಗೆ ಕೈಹಾಕಿ ಸವರಿ ನೋಡುತ್ತಾರೆ. ಕಳೆದ ಸಲ ಬಂದಾಗ ಹಾಗೆ ಸಿಕ್ಕಿದ ಜಾಲಿ ಮುಳ್ಳೊಂದನ್ನು ಕಾಗದದಲ್ಲಿ ಸುತ್ತಿಕೊಂಡು ತಂದು ನನ್ನ ಮೇಜಿನ ಮೇಲಿಟ್ಟರು.